ಹಸಿ ಎಳೆಮರದಿಂದ ಬಿಲ್ಲನ್ನು ಮಾಡುವ ಕ್ರಮ

ಹೊಲದ ಬದುವಿನಲ್ಲಿ ಬೆಳೆದ ಎಳೆಮರವೊಂದನ್ನು ಕಡಿದು, ಅದೇ ದಿನ ಬಾಗಿಸಿ ಹಗ್ಗವನ್ನು ಕಟ್ಟಿ, ಅದಕ್ಕೆ ಬಿಲ್ಲೆಂದು ಹೆಸರಿಡುವುದು ಗ್ರಾಮದ ಬಾಲಕರೆಲ್ಲರಿಗೂ ತಿಳಿದ ಆಟವಾಗಿದೆ. ಆ ಬಿಲ್ಲು ಮೊದಲನೆಯ ದಿನ ಬಾಣವನ್ನು ಚೆನ್ನಾಗಿಯೇ ಎಸೆಯುವುದು. ಮೂರನೆಯ ದಿನ ಹೆದೆಯನ್ನು ಇಳಿಸಿದರೂ ನೆಟ್ಟಗಾಗದೆ ಬಾಗಿಯೇ ನಿಲ್ಲುವುದು. ವಾರ ಕಳೆಯುವುದರೊಳಗೆ ಸೀಳಿ ಸೌದೆಯ ಒಟ್ಟಿಲನ್ನು ಸೇರುವುದು. ಬಳಿಕ ಇನ್ನೊಂದು ಎಳೆಮರಕ್ಕೆ ಕೊಡಲಿಯು ಬೀಳುವುದು. ಹೀಗಾದಾಗ ಮರವು ಕೆಟ್ಟದ್ದೆಂದು ಹೇಳುವುದು ವಾಡಿಕೆ. ವಾಸ್ತವದಲ್ಲಿ ದೋಷವಿರುವುದು ಮರದಲ್ಲಲ್ಲ, ಮಾಡುವವನ ಅವಸರದಲ್ಲಿ.

ಇದು ಬಾಲಕರ ಆಟಕ್ಕೆ ಮಾತ್ರ ಸಂಬಂಧಿಸಿದ ವಿಷಯವೆಂದು ಜಮೀನುದಾರರು ತಿಳಿಯಬಾರದು. ಗುದ್ದಲಿಯ ಕಾವು ಕೆಲಸದ ನಡುವೆ ಸಡಿಲವಾಗುವುದು, ಕೊಡಲಿಯ ಹಿಡಿಯು ಅಡ್ಡಲಾಗಿ ಮುರಿಯುವುದು, ನೊಗವು ಒಂದೇ ಬೇಸಗೆಯಲ್ಲಿ ತಿರುಚಿಕೊಳ್ಳುವುದು, ಇವೆಲ್ಲವೂ ಅದೇ ಅವಸರದ ಫಲಗಳು. ಬಿಲ್ಲು ಮರದ ಉಪಕರಣಗಳಲ್ಲಿ ಅತ್ಯಂತ ಕಠಿಣವಾದ ಪರೀಕ್ಷೆಗೆ ಒಳಗಾಗತಕ್ಕದ್ದು. ಅದನ್ನು ಸರಿಯಾಗಿ ಮಾಡಬಲ್ಲವನು ಮಿಕ್ಕವುಗಳನ್ನೂ ಮಾಡಬಲ್ಲನು. ಒಂದು ಮರವನ್ನು ಕಡಿದರೆ ಅದರಿಂದ ವರ್ಷಗಳ ಕಾಲ ಬಾಳುವ ಒಂದು ವಸ್ತುವಾಗಬೇಕು. ಹತ್ತು ಮರಗಳನ್ನು ಕಡಿದು ಹತ್ತನ್ನೂ ಒಲೆಗೆ ಹಾಕುವಂತಾಗಬಾರದು. ಈ ಲೇಖನದ ಉದ್ದೇಶವು ಇಷ್ಟೇ.

ಪ್ರಾಚೀನತೆ

ಸಣ್ಣ ಕಾಂಡದಿಂದ ಬಿಲ್ಲನ್ನು ಕೆತ್ತುವ ಕಲೆಯು ಬಹು ಪುರಾತನವಾದುದು. ಡೆನ್ಮಾರ್ಕ್ ದೇಶದ ಹೋಲ್ಮೆಗಾರ್ಡ್ ಎಂಬ ಜೌಗುನೆಲದಲ್ಲಿ 1944ರಲ್ಲಿ ದೊರೆತ ಬಿಲ್ಲುಗಳು ಸುಮಾರು 9,000 ವರ್ಷಗಳಷ್ಟು ಹಳೆಯವು. ಅವು ಎಲ್ಮ್ ಎಂಬ ಮರದ ಸಣ್ಣ ಕಾಂಡಗಳಿಂದ ಮಾಡಲ್ಪಟ್ಟಿವೆ. 1991ರಲ್ಲಿ ಆಸ್ಟ್ರಿಯಾ ಮತ್ತು ಇಟಲಿಗಳ ಗಡಿಯ ಆಲ್ಪ್ಸ್ ಪರ್ವತದಲ್ಲಿ, ಹಿಮದಲ್ಲಿ ಹುದುಗಿದ್ದ ಸುಮಾರು 5,300 ವರ್ಷಗಳ ಹಿಂದಿನ ಮನುಷ್ಯನ ದೇಹವು ದೊರೆಯಿತು. ಅವನ ಬಳಿ ಯೂ ಮರದ 1.82 ಮೀಟರು ಉದ್ದದ ಬಿಲ್ಲೊಂದಿತ್ತು. ಅದು ಇನ್ನೂ ಪೂರ್ತಿಯಾಗಿರಲಿಲ್ಲ. ಕೆತ್ತಿದ ಗುರುತುಗಳು ಅದರ ಮೇಲೆ ಹಾಗೆಯೇ ಇದ್ದುವು. ಬಿಲ್ಲು ಒಂದೇ ದಿನದಲ್ಲಿ ಮುಗಿಯುವ ಕೆಲಸವಲ್ಲವೆಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿಯು ಬೇಕಿಲ್ಲ.

ನಮ್ಮ ನಾಡಿನಲ್ಲಿಯೂ ಬಿಲ್ಲಿಗೆ ಗೌರವದ ಸ್ಥಾನವಿದೆ. ಕೊಡಗಿನಲ್ಲಿ ಗಂಡುಮಗು ಹುಟ್ಟಿದಾಗ ಹರಳು ಗಿಡದ ಕಡ್ಡಿಯಿಂದ ಮಾಡಿದ ಪುಟ್ಟ ಬಿಲ್ಲುಬಾಣಗಳನ್ನು ಶಿಶುವಿನ ಕೈಯಲ್ಲಿರಿಸುವುದು ಸಂಪ್ರದಾಯ. ಹೆದೆಗೆ ಸಂಸ್ಕೃತದಲ್ಲಿ ಮೌರ್ವಿಯೆಂಬ ಹೆಸರು ಬಂದಿರುವುದು ಮೂರ್ವೆಯೆಂಬ ನಾರುಗಿಡದಿಂದ. ಮರವನ್ನೂ ನಾರನ್ನೂ ಬಲ್ಲ ಕೃಷಿಕನೇ ಬಿಲ್ಲನ್ನೂ ಬಲ್ಲವನಾಗಿದ್ದನೆಂಬುದು ಇಂತಹ ಮಾತುಗಳಿಂದ ವ್ಯಕ್ತವಾಗುವುದು.

ಬಿಲ್ಲು ಬಾಗುವ ಬಗೆ

ಬಾಣ ಹೂಡುವವನಿಗೆ ಎದುರಾಗಿರುವ ಮೈಯನ್ನು ಬಿಲ್ಲಿನ ಹೊಟ್ಟೆಯೆಂದೂ, ಗುರಿಯ ಕಡೆಗಿರುವ ಮೈಯನ್ನು ಬೆನ್ನೆಂದೂ ಕರೆಯಬಹುದು. ನಡುವಿನ ಭಾಗವು ಹಿಡಿ. ಅದರ ಮೇಲೂ ಕೆಳಗೂ ಚಾಚಿರುವುವು ಎರಡು ತೋಳುಗಳು. ಹೆದೆಯು ಸಿಕ್ಕಿಕೊಳ್ಳುವ ತುದಿಗಳು ಕೊಪ್ಪುಗಳು.

ಹೆದೆಯನ್ನು ಎಳೆದಾಗ ಬೆನ್ನಿನ ನಾರುಗಳು ಜಗ್ಗಲ್ಪಡುವುವು. ಹೊಟ್ಟೆಯ ನಾರುಗಳು ಒತ್ತಲ್ಪಡುವುವು. ನಡುವಿನವು ಹೆಚ್ಚು ಶ್ರಮವಿಲ್ಲದೆ ಇರುವುವು. ಬೆನ್ನಿನ ಮೇಲಣ ಒಂದು ನಾರನ್ನು ಕತ್ತಿಯು ಅಡ್ಡಲಾಗಿ ಕಡಿದಿದ್ದರೆ, ಎಳೆತದ ಬಲಕ್ಕೆ ಆ ನಾರಿನ ತುದಿಯು ಸಿಬರಾಗಿ ಮೇಲಕ್ಕೇಳುವುದು. ಅಲ್ಲಿಂದಲೇ ಬಿಲ್ಲು ಮುರಿಯುವುದು. ಒಂದು ಎಳೆ ಕಡಿದ ಹಗ್ಗದಿಂದ ಬಾವಿಯ ಬಾನಿಯನ್ನು ಎಳೆಯುವಾಗ ಆಗುವುದೂ ಇದೇ. ಎಳೆಮರದಲ್ಲಿ ತೊಗಟೆಯನ್ನು ತೆಗೆದ ಕೂಡಲೆ ಕಾಣುವ ಮೈಯು ಒಂದೇ ವರ್ಷದ ಬೆಳೆವಣಿಗೆಯಾಗಿದ್ದು, ಅದರ ನಾರುಗಳು ಈ ತುದಿಯಿಂದ ಆ ತುದಿಯವರೆಗೆ ಅಖಂಡವಾಗಿರುವುವು. ಆದುದರಿಂದ ಮೊದಲನೆಯ ನಿಯಮವು ಇದು: ಬೆನ್ನಿನ ಮೇಲೆ ಯಾವ ಆಯುಧವನ್ನೂ ಆಡಿಸಕೂಡದು. ಕೆತ್ತತಕ್ಕದ್ದೆಲ್ಲವನ್ನೂ ಹೊಟ್ಟೆಯ ಕಡೆಯಿಂದಲೂ ಪಕ್ಕಗಳಿಂದಲೂ ಕೆತ್ತಬೇಕು.

ದಪ್ಪ ಮತ್ತು ಅಗಲಗಳ ವಿಷಯದಲ್ಲಿ ಒಂದು ಲೆಕ್ಕವನ್ನು ನೆನಪಿನಲ್ಲಿಡುವುದು ಅವಶ್ಯ. ತೋಳಿನ ಅಗಲದಲ್ಲಿ ಎಂಟನೆಯ ಒಂದು ಪಾಲನ್ನು ತೆಗೆದರೆ ಅದರ ಬಿಗಿಯೂ ಎಂಟನೆಯ ಒಂದು ಪಾಲಿನಷ್ಟು ಮಾತ್ರ ಕಡಮೆಯಾಗುವುದು. ಆದರೆ ದಪ್ಪದಲ್ಲಿ ಎಂಟನೆಯ ಒಂದು ಪಾಲನ್ನು ತೆಗೆದರೆ ಬಿಗಿಯು ಸುಮಾರು ಮೂರನೆಯ ಒಂದು ಪಾಲಿನಷ್ಟು ಇಳಿಯುವುದು. ಅರ್ಧ ಅಂಗುಲ ದಪ್ಪದ ತೋಳಿನಲ್ಲಿ ಈ ಎಂಟನೆಯ ಪಾಲೆಂದರೆ ಒಂದೂವರೆ ಮಿಲಿಮೀಟರು ಮಾತ್ರ. ಕೆಲಸದ ಕೊನೆಯ ಭಾಗದಲ್ಲಿ ಕೊಡಲಿಯನ್ನೂ ಬಾಚಿಯನ್ನೂ ಬಿಟ್ಟು ಕೆರೆಯುವ ಅಲಗನ್ನೇ ಹಿಡಿಯಬೇಕೆಂಬುದಕ್ಕೆ ಇದೇ ಕಾರಣ.

ಹಸಿಮರದ ಗುಣ

ಆಗತಾನೆ ಕಡಿದ ಮರದಲ್ಲಿ ನೀರಿನ ಅಂಶವು ವಿಶೇಷವಾಗಿರುವುದು. ಅನೇಕ ಮರಗಳಲ್ಲಿ ಒಣಮರದ ತೂಕಕ್ಕೆ ಹೋಲಿಸಿದರೆ ನೂರಕ್ಕೆ 60ರಿಂದ 100 ಭಾಗದವರೆಗೂ ನೀರಿರುವುದುಂಟು. ಇದರಲ್ಲಿ ನಾರಿನ ಪೊಳ್ಳುಗಳಲ್ಲಿರುವ ನೀರು ಮೊದಲು ಹೋಗುವುದು; ಅದು ಹೋಗುವಾಗ ಮರದ ಅಳತೆಯು ಬದಲಾಗುವುದಿಲ್ಲ. ನೀರಿನ ಅಂಶವು ನೂರಕ್ಕೆ ಸುಮಾರು 30ಕ್ಕೆ ಇಳಿದ ಮೇಲೆ ನಾರಿನ ಗೋಡೆಗಳಲ್ಲಿರುವ ನೀರು ಹೊರಡಲಾರಂಭಿಸುವುದು. ಮರವು ಕುಗ್ಗುವುದೂ ಗಟ್ಟಿಯಾಗುವುದೂ ಆಗಿನಿಂದಲೇ.

ಈ ಕುಗ್ಗುವಿಕೆಯು ಎಲ್ಲ ದಿಕ್ಕುಗಳಲ್ಲಿಯೂ ಸಮವಾಗಿರುವುದಿಲ್ಲ. ಉದ್ದದಲ್ಲಿ ಅದು ಗಣನೆಗೆ ಬಾರದಷ್ಟು ಅಲ್ಪ. ತಿರುಳಿನಿಂದ ತೊಗಟೆಯ ಕಡೆಗೆ ನೂರಕ್ಕೆ ಸುಮಾರು 4 ಭಾಗವೂ, ಸುತ್ತಳತೆಯಲ್ಲಿ ಸುಮಾರು ಅದರ ಎರಡರಷ್ಟೂ ಇರುವುದು. ಸುತ್ತಳತೆಯು ಇಷ್ಟು ಕುಗ್ಗಬೇಕಾಗಿದ್ದು, ಒಳಗಿನ ಗಾತ್ರವು ಅಷ್ಟು ಕುಗ್ಗದಿರುವಾಗ, ಗುಂಡಾದ ಕಾಂಡವು ತಿರುಳಿನವರೆಗೆ ಸೀಳಲೇಬೇಕು. ಚಕ್ರಕ್ಕೆ ಪಟ್ಟಿಯನ್ನು ಕಾಯಿಸಿ ಹಾಕಿದಾಗ ಅದು ಆರುತ್ತ ಬಿಗಿಯುವಂತೆಯೇ ಇಲ್ಲಿಯೂ ಹೊರಗಿನ ಮರವು ಒಳಗಿನದನ್ನು ಬಿಗಿಯುವುದು. ಕಬ್ಬಿಣದ ಪಟ್ಟಿಯು ತಾಳಿಕೊಳ್ಳುವುದು, ಮರವು ಬಿರಿಯುವುದು. ಆದರೆ ಕಾಂಡದ ಅರ್ಧ ಭಾಗವನ್ನು ಹಸಿಯಿರುವಾಗಲೇ ಕೆತ್ತಿ ತೆಗೆದರೆ, ಉಳಿದ ಅರ್ಧವು ಅಡ್ಡಿಯಿಲ್ಲದೆ ಕುಗ್ಗಬಲ್ಲದು. ಹಸಿಯಲ್ಲಿ ಒರಟಾಗಿ ಕೆತ್ತಬೇಕೆಂಬ ಎರಡನೆಯ ನಿಯಮವು ಇದರಿಂದ ಬಂದಿದೆ.

ಹಸಿಮರವು ಒತ್ತಡವನ್ನು ತಾಳುವ ಶಕ್ತಿಯಲ್ಲಿ ಒಣಮರದ ಸುಮಾರು ಅರ್ಧದಷ್ಟು ಮಾತ್ರ ಇರುವುದು. ಹಸಿ ಬಿಲ್ಲನ್ನು ಎಳೆದರೆ ಹೊಟ್ಟೆಯ ನಾರುಗಳು ನಜ್ಜುಗುಜ್ಜಾಗಿ, ಆ ಬಾಗು ಶಾಶ್ವತವಾಗಿ ಉಳಿಯುವುದು. ಹೊರಗಿನಿಂದ ನೋಡುವವನಿಗೆ ಯಾವ ಗಾಯವೂ ಕಾಣದು. ಆದರೆ ಆ ನಷ್ಟವು ಎಷ್ಟು ಒಣಗಿಸಿದರೂ ಮರಳಿ ತುಂಬುವುದಿಲ್ಲ. ಆದುದರಿಂದ ಮೂರನೆಯ ನಿಯಮ: ಹಸಿಯಲ್ಲಿ ಕೆತ್ತಬಹುದು, ಹಸಿಯಲ್ಲಿ ಬಾಗಿಸಕೂಡದು.

ಮರದ ಆಯ್ಕೆ

ಕರ್ನಾಟಕದ ಎಲೆಯುದುರುವ ಕಾಡುಗಳಲ್ಲಿಯೂ ಅವುಗಳ ಅಂಚಿನ ಹಿಡುವಳಿಗಳಲ್ಲಿಯೂ ಬೆಳೆಯುವ ತಡಸಲು ಮರವು ಈ ಕೆಲಸಕ್ಕೆ ಬಹಳ ಯೋಗ್ಯವಾದುದು. ಉತ್ತರ ಹಿಂದೂಸ್ಥಾನದಲ್ಲಿ ಇದನ್ನು ಧಾಮನ್ ಎನ್ನುವರು. ಇದರ ಮರವು ಗಟ್ಟಿಯಾಗಿಯೂ ಬಾಗಿ ಮರಳುವ ಗುಣವುಳ್ಳದ್ದಾಗಿಯೂ ಇರುವುದರಿಂದ ಗಾಡಿಯ ಮೂಕಿಗಳಿಗೂ, ಹೊರೆ ಹೊರುವ ಕಾವಡಿಯ ಬಡಿಗೆಗಳಿಗೂ, ಉಪಕರಣಗಳ ಹಿಡಿಗಳಿಗೂ, ಬಿಲ್ಲುಗಳಿಗೂ ಬಹುಕಾಲದಿಂದ ಉಪಯೋಗಿಸಲ್ಪಡುತ್ತ ಬಂದಿದೆ. ಇದರ ಎಲೆಯು ದನಗಳಿಗೆ ಮೇವು. ತೊಗಟೆಯ ನಾರು ಹಗ್ಗಕ್ಕೆ ಬರುವುದು. ನುಗ್ಗೆ, ಹಾಲುವಾಣ, ಬೂರುಗ ಮುಂತಾದ ಮೆತುಮರಗಳು ಬಿಲ್ಲಿಗೆ ಸಲ್ಲವು. ನೀಲಗಿರಿಯು ಕಡಿದೊಡನೆ ತುದಿಗಳಲ್ಲಿ ಸೀಳುವ ಸ್ವಭಾವದ್ದಾದುದರಿಂದ ಕಲಿಯುವವರಿಗೆ ಅದು ತಕ್ಕುದಲ್ಲ. ಬಿದಿರಿನಿಂದ ಉತ್ತಮವಾದ ಬಿಲ್ಲಾಗುವುದು ನಿಜ. ಆದರೆ ಬಿದಿರು ಹುಲ್ಲಿನ ಜಾತಿಗೆ ಸೇರಿದ್ದು, ಅದರ ಕ್ರಮವೇ ಬೇರೆ.

ಕಾಂಡವು ಬುಡದಲ್ಲಿ ಎರಡೂವರೆ ಅಂಗುಲ, ಎಂದರೆ 6ರಿಂದ 7 ಸೆಂಟಿಮೀಟರು ಅಡ್ಡಳತೆಯುಳ್ಳದ್ದಾಗಿ, ಆರು ಅಡಿಗಳಷ್ಟು ಉದ್ದಕ್ಕೆ ಕವಲಿಲ್ಲದೆ ನೆಟ್ಟಗಿರಬೇಕು. ತೊಗಟೆಯ ಗೆರೆಗಳು ಕಾಂಡವನ್ನು ಬಳಸಿ ಹತ್ತಿದ್ದರೆ ಒಳಗಿನ ನಾರೂ ಹಾಗೆಯೇ ತಿರುಚಿರುವುದು, ಅಂತಹದನ್ನು ಬಿಡಬೇಕು. ಓರೆಯಾಗಿ ಬೆಳೆದ ಕಾಂಡದ ಮೇಲುಭಾಗದ ಮರವು ಒಣಗುವಾಗ ಉದ್ದದಲ್ಲಿಯೂ ಕುಗ್ಗಿ ಬಿಲ್ಲನ್ನು ವಕ್ರಗೊಳಿಸುವುದರಿಂದ ಅದನ್ನೂ ಬಿಡುವುದು ಲೇಸು. ಗಿಣ್ಣುಗಳು ಕಡಮೆಯಿರುವ ಮಗ್ಗುಲನ್ನು ಬೆನ್ನಿಗೆಂದು ಮೊದಲೇ ಗುರುತು ಮಾಡಿಕೊಳ್ಳಬೇಕು.

ಬೀಜದಿಂದ ಹುಟ್ಟಿ ಮುಂದೆ ದೊಡ್ಡ ಮರವಾಗಬಹುದಾದ ಸಸಿಯನ್ನು ಈ ಕೆಲಸಕ್ಕಾಗಿ ಕಡಿಯುವುದು ಅನ್ಯಾಯ. ತಡಸಲು ಕಡಿದ ಬುಡದಿಂದ ಚೆನ್ನಾಗಿ ಚಿಗುರುವ ಮರ. ಒಂದೇ ಬುಡದಲ್ಲಿ ನಾಲ್ಕಾರು ಚಿಗುರುಗಳು ಒಟ್ಟಾಗಿ ಎದ್ದು ಒಂದನ್ನೊಂದು ಕೆಡಿಸುತ್ತಿರುವಾಗ, ಬಲವಾದ ಎರಡನ್ನು ಉಳಿಸಿ ಮಿಕ್ಕವುಗಳಲ್ಲಿ ನೆಟ್ಟಗಿರುವುದನ್ನು ಆರಿಸಿದರೆ, ಬಿಲ್ಲಿಗೆ ಮರವೂ ದೊರೆಯುವುದು, ಬುಡಕ್ಕೆ ಉಪಕಾರವೂ ಆಗುವುದು. ಸರ್ಕಾರಿ ಅರಣ್ಯದಲ್ಲಿ ಅಪ್ಪಣೆಯಿಲ್ಲದೆ ಕಡಿಯುವುದು 1963ರ ಕರ್ನಾಟಕ ಅರಣ್ಯ ಅಧಿನಿಯಮದಂತೆ ಅಪರಾಧ. ಸ್ವಂತ ಜಮೀನಿನ ಮರಗಳಿಗೆ ಸಂಬಂಧಿಸಿ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವಿರುವುದರಿಂದ, ಕಡಿಯುವ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಕೊಳ್ಳತಕ್ಕದ್ದು.

ಕಡಿಯುವ ಕಾಲ ಮತ್ತು ಕ್ರಮ

ಮಳೆಯು ನಿಂತು ಬಿಸಿಲಿನ ಝಳವು ಏರುವ ಮೊದಲಿನ ಪುಷ್ಯ ಮಾಘ ಮಾಸಗಳು ಕಡಿಯುವುದಕ್ಕೆ ಉತ್ತಮ. ಮಳೆಗಾಲದ ಮರವು ಬೂಷ್ಟು ಹಿಡಿಯುವುದು. ಚೈತ್ರ ವೈಶಾಖಗಳ ಮರವು ಬಿಸಿಗಾಳಿಗೆ ಸಿಕ್ಕಿ ಬೇಗನೆ ಬಿರಿಯುವುದು. ಬುಡದ ಹತ್ತಿರ, ತೊಗಟೆಯು ಹರಿಯದಂತೆ, ನೀರು ನಿಲ್ಲದೆ ಜಾರಿಹೋಗುವಂತೆ ಓರೆಯಾಗಿ ಗರಗಸದಿಂದ ಕೊಯ್ಯಬೇಕು. ಹಾಗೆ ಮಾಡಿದರೆ ಉಳಿದ ಬುಡವು ಕೊಳೆಯದೆ ಮತ್ತೆ ಚಿಗುರುವುದು.

ಬಿಲ್ಲಿಗೆ ಬೇಕಾದ ಉದ್ದವು 5 ಅಡಿ 8 ಅಂಗುಲ. ತುದಿಗಳಲ್ಲಿ ಬಿರುಕು ಬಿಟ್ಟರೆ ಕತ್ತರಿಸಿ ತೆಗೆಯುವುದಕ್ಕಾಗಿ ಎರಡು ಕಡೆಗಳಲ್ಲಿಯೂ 3 ಅಂಗುಲವನ್ನು ಸೇರಿಸಿ, 6 ಅಡಿ 2 ಅಂಗುಲದ ತುಂಡನ್ನು ತೆಗೆದುಕೊಳ್ಳಬೇಕು. ಕಡಿದ ಒಂದು ಗಳಿಗೆಯೊಳಗಾಗಿಯೇ ಎರಡು ತುದಿಗಳಿಗೂ ಕರಗಿಸಿದ ಜೇನುಮೇಣವನ್ನಾಗಲಿ ದಪ್ಪನಾದ ಬಣ್ಣವನ್ನಾಗಲಿ ಬಳಿಯಬೇಕು. ಇವು ಇಲ್ಲದಿದ್ದರೆ ಸಗಣಿ ಮತ್ತು ಜೇಡಿಮಣ್ಣನ್ನು ಕಲಸಿ ಮೆತ್ತಿದರೂ ಸ್ವಲ್ಪ ಮಟ್ಟಿಗೆ ನಡೆಯುವುದು. ಮರದ ನೀರು ತುದಿಗಳಿಂದ ಅತಿ ವೇಗವಾಗಿ ಹೊರಡುವುದನ್ನು ತಡೆಯುವುದೇ ಇದರ ಉದ್ದೇಶ.

ಹಸಿಯಲ್ಲಿ ಒರಟಾಗಿ ಕೆತ್ತುವುದು

ಕಡಿದ ದಿನವಾಗಲಿ ಮರುದಿನವಾಗಲಿ ಈ ಕೆಲಸವನ್ನು ಮುಗಿಸಬೇಕು. ಬೆನ್ನಿಗೆ ಗುರುತು ಮಾಡಿದ ಮಗ್ಗುಲಿನ ಮೇಲೆ ಇದ್ದಲಿನ ದಾರವನ್ನು ಮಿಡಿದು ನಡುಗೆರೆಯನ್ನು ಹಾಕಬೇಕು. ಮಧ್ಯದಲ್ಲಿ 4 ಅಂಗುಲವನ್ನು ಹಿಡಿಗೆ ಬಿಟ್ಟು, ಅದರ ಎರಡು ಪಕ್ಕಗಳಿಂದ ತೋಳುಗಳನ್ನು ಆರಂಭಿಸಬೇಕು. ತೋಳಿನ ಅಗಲವು ಅದರ ಅರ್ಧದವರೆಗೆ ಒಂದೂ ಮುಕ್ಕಾಲು ಅಂಗುಲವಿದ್ದು, ಅಲ್ಲಿಂದ ಕ್ರಮವಾಗಿ ಕಿರಿದಾಗುತ್ತ ತುದಿಯಲ್ಲಿ ಮುಕ್ಕಾಲು ಅಂಗುಲಕ್ಕೆ ಬರಬೇಕು.

ಬಳಿಕ ಬೆನ್ನಿಗೆ ಎದುರಾದ ಮಗ್ಗುಲನ್ನು ಕೊಡಲಿಯಿಂದಲೂ ಬಾಚಿಯಿಂದಲೂ ಕೆತ್ತಿ ತೆಗೆಯಬೇಕು. ಹಿಡಿಯಲ್ಲಿ ಒಂದೂವರೆ ಅಂಗುಲ, ತೋಳುಗಳಲ್ಲಿ ಮುಕ್ಕಾಲು ಅಂಗುಲ ದಪ್ಪವಿರುವಂತೆ ಉಳಿಸಿದರೆ, ತೋಳುಗಳಲ್ಲಿ ತಿರುಳು ಪೂರ್ತಿಯಾಗಿ ಹೋಗಿರುವುದು. ಹಿಡಿಯ ದಪ್ಪವು ತೋಳಿನ ದಪ್ಪಕ್ಕೆ ಒಮ್ಮೆಗೇ ಇಳಿಯದೆ, ಎರಡು ಅಂಗುಲಗಳಲ್ಲಿ ಜಾರಿಕೊಂಡು ಇಳಿಯಬೇಕು. ಕೊಡಲಿಯ ಪೆಟ್ಟನ್ನು ಯಾವಾಗಲೂ ಹಿಡಿಯ ಕಡೆಯಿಂದ ತುದಿಯ ಕಡೆಗೆ ಹಾಕಬೇಕು. ಎದುರು ದಿಕ್ಕಿನಲ್ಲಿ ಹಾಕಿದರೆ ನಾರು ಸೀಳಿ ಆಯುಧವು ಒಳಕ್ಕೆ ಹೋಗುವುದು. ಗಿಣ್ಣು ಬಂದಲ್ಲಿ ಅದರ ಸುತ್ತ ಸ್ವಲ್ಪ ಹೆಚ್ಚು ಮರವನ್ನು ಬಿಡಬೇಕು.

ಬೆನ್ನಿನ ತೊಗಟೆಯನ್ನು ಈಗ ತೆಗೆಯುವ ಅಗತ್ಯವಿಲ್ಲ. ಅದು ಹೊದಿಕೆಯಂತಿದ್ದು ಬೆನ್ನು ಬೇಗನೆ ಒಣಗಿ ಬಿರಿಯದಂತೆ ಕಾಪಾಡುವುದು. ಕೆತ್ತಿ ತೆಗೆಯಬೇಕಾದ ಮಗ್ಗುಲಿನ ತೊಗಟೆಯನ್ನು ಮಾತ್ರ ಮೊದಲೇ ಪಟ್ಟಿಪಟ್ಟಿಯಾಗಿ ಸುಲಿದಿಟ್ಟುಕೊಂಡರೆ, ಮುಂದೆ ಕಟ್ಟುವ ಕೆಲಸಕ್ಕೆ ಅದೇ ನಾರು ಒದಗುವುದು.

ಒಣಗಿಸುವುದು

ಕೆತ್ತಿದ ಮರವನ್ನು ನೆಟ್ಟಗಿರುವ ಗಟ್ಟಿಯಾದ ತೊಲೆಯೊಂದಕ್ಕೆ ಹೊಟ್ಟೆಯು ಒಳಗಾಗಿ, ಬೆನ್ನು ಹೊರಗಾಗಿ ಇರುವಂತೆ ಗೇಣಿಗೊಂದು ಕಟ್ಟನ್ನು ಹಾಕಿ ಬಿಗಿಯಬೇಕು. ಗಾಳಿಯಾಡುವುದಕ್ಕಾಗಿ ನಡುವೆ ಒಂದೇ ದಪ್ಪದ ಕಡ್ಡಿಗಳನ್ನು ಇಡಬೇಕು. ನೆರಳಿರುವ, ಗಾಳಿಯು ಮೆಲ್ಲಗೆ ಆಡುವ ಅಟ್ಟದಲ್ಲಾಗಲಿ ಜಗಲಿಯ ಮಾಡಿನ ಕೆಳಗಾಗಲಿ ಮಲಗಿಸಿಡಬೇಕು. ಬಿಸಿಲು, ಒಲೆಯ ಶಾಖ, ನೆಲದ ತೇವ, ಈ ಮೂರೂ ಕೂಡದು. ಹಸಿಯ ಬಿಳಿಮರದಲ್ಲಿ ಹಿಟ್ಟಿನ ಅಂಶವಿರುವುದರಿಂದ ಹುಡಿ ಮಾಡುವ ಕೊರೆಹುಳುಗಳು ಅದಕ್ಕೆ ಬೇಗ ಮುತ್ತುವುವು. ಆದುದರಿಂದ ಹುಳು ಹಿಡಿದ ಹಳೆಯ ಸೌದೆಯ ಹತ್ತಿರ ಇಡಬಾರದು. ಕೆತ್ತಿದ ಹೊಟ್ಟೆಗೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲಗಳನ್ನು ನೀರಿನಲ್ಲಿ ಕರಗಿಸಿ ಬಳಿಯುವುದರಿಂದಲೂ ರಕ್ಷಣೆಯುಂಟಾಗುವುದು.

ಎಷ್ಟು ದಿನ ಒಣಗಿಸಬೇಕೆಂಬುದನ್ನು ಪಂಚಾಂಗವು ಹೇಳದು, ತಕ್ಕಡಿಯು ಹೇಳುವುದು. ಕಟ್ಟುಗಳನ್ನು ಬಿಚ್ಚಿ ವಾರಕ್ಕೊಮ್ಮೆ ತೂಗಿ ತೂಕವನ್ನು ಬರೆದಿಡಬೇಕು. ಮೊದಲ ವಾರಗಳಲ್ಲಿ ತೂಕವು ಬೇಗನೆ ಇಳಿಯುವುದು, ಆಮೇಲೆ ನಿಧಾನವಾಗುವುದು, ಒಂದರ ಮೇಲೊಂದು ಎರಡು ವಾರಗಳಲ್ಲಿ ತೂಕವು ಬದಲಾಗದಿದ್ದರೆ ಮರವು ಒಣಗಿತೆಂದು ತಿಳಿಯಬೇಕು. ಬಯಲುಸೀಮೆಯ ಒಣಹವೆಯಲ್ಲಿ ಇದಕ್ಕೆ ಒಂದು ತಿಂಗಳಿನಿಂದ ಒಂದೂವರೆ ತಿಂಗಳು ಸಾಕಾಗಬಹುದು. ಮಲೆನಾಡಿನ ತೇವದ ಹವೆಯಲ್ಲಿ ಇನ್ನೂ ಹೆಚ್ಚು ಕಾಲ ಬೇಕಾಗುವುದು.

ಇಬ್ಬರು ತರುಣರು ಒಂದೇ ಬುಡದ ಎರಡು ಚಿಗುರುಗಳನ್ನು ಒಂದೇ ದಿನ ಕಡಿದರೆಂದು ಭಾವಿಸಬಹುದು. ಒಬ್ಬನು ಹತ್ತನೆಯ ದಿನ ಮೇಲ್ಮೈಯನ್ನು ಮುಟ್ಟಿ ನೋಡಿ, ಒಣಗಿತೆಂದು ಹೆದೆಯೇರಿಸುವನು. ಮೇಲ್ಮೈ ಒಣಗಿದ್ದರೂ ಒಳಗೆ ತೇವವಿದ್ದ ಕಾರಣ ಅವನ ಬಿಲ್ಲು ಅಂದೇ ಬಾಗಿಹೋಗುವುದು. ಇನ್ನೊಬ್ಬನು ತಕ್ಕಡಿಯ ಮಾತಿಗಾಗಿ ಕಾಯುವನು. ಮರವೂ ಒಂದೇ, ಕೈಚಳಕವೂ ಒಂದೇ. ಇಬ್ಬರಿಗೂ ಇರುವ ಅಂತರವು ಕೆಲವು ವಾರಗಳ ತಾಳ್ಮೆ ಮಾತ್ರ. ಆದರೆ ಮೊದಲನೆಯವನು ಎರಡನೆಯ ಮರವನ್ನು ಕಡಿಯಬೇಕಾಗುವುದು.

ಬಾಗನ್ನು ಸಮಗೊಳಿಸುವುದು

ಒಣಗಿದ ಮೇಲೆ ಬೆನ್ನಿನ ತೊಗಟೆಯನ್ನು ಮೊಂಡಾದ ಕತ್ತಿಯಿಂದ ಮೆಲ್ಲಗೆ ಕೆರೆದು ತೆಗೆಯಬೇಕು. ಕೆಳಗಿನ ಮರಕ್ಕೆ ಗಾಯವಾಗಕೂಡದು. ತುದಿಗಳ 3 ಅಂಗುಲವನ್ನು ಕತ್ತರಿಸಿ ಬಿಲ್ಲನ್ನು 5 ಅಡಿ 8 ಅಂಗುಲಕ್ಕೆ ತರಬೇಕು. ಬೆನ್ನಿನ ಅಂಚುಗಳನ್ನು ಅರದಿಂದ ಉಜ್ಜಿ ಗುಂಡಾಗಿಸಬೇಕು; ಚೂಪಾದ ಅಂಚಿನಲ್ಲಿಯೇ ಸಿಬರು ಮೊದಲು ಏಳುವುದು. ಕೀಸುಳಿಯಿಂದ ಹೊಟ್ಟೆಯನ್ನು ಕೀಸುತ್ತ, ಒಂದು ತುದಿಯನ್ನು ನೆಲಕ್ಕೂರಿ ಹಿಡಿಯನ್ನು ಒತ್ತಿದಾಗ ತೋಳು ಸ್ವಲ್ಪವೇ ಬಾಗುವವರೆಗೆ ತೆಳುಮಾಡಬೇಕು. ಆಗ ತುದಿಯಿಂದ ಅರ್ಧ ಅಂಗುಲ ಕೆಳಗೆ ಪಕ್ಕಗಳಲ್ಲಿ ಮಾತ್ರ ಕೊಪ್ಪಿನ ಕಚ್ಚುಗಳನ್ನು ಅರದಿಂದ ಮಾಡಬೇಕು. ಕಚ್ಚು ಬೆನ್ನಿನ ಮೇಲೆ ಹಾಯಬಾರದು.

ಇನ್ನು ಮುಂದಿನದೇ ಬಿಲ್ಲುಗಾರನ ನಿಜವಾದ ಕೆಲಸ. ಗೋಡೆಯಲ್ಲಿ ಎದೆಯೆತ್ತರಕ್ಕಿಂತ ಮೇಲೆ ಗಟ್ಟಿಯಾದ ಗೂಟವೊಂದನ್ನು ನೆಟ್ಟು, ಅದರ ಮೇಲೆ ಬಿಲ್ಲಿನ ಹಿಡಿಯನ್ನು ಬೆನ್ನು ಮೇಲಾಗಿ ಕೂರಿಸಬೇಕು. ಉದ್ದವಾದ ಸಡಿಲ ಹಗ್ಗವನ್ನು ಕೊಪ್ಪುಗಳಿಗೆ ಸಿಕ್ಕಿಸಿ, ಅದರ ನಡುವಿಗೆ ಇನ್ನೊಂದು ಹಗ್ಗವನ್ನು ಕಟ್ಟಿ, ನೆಲದ ಬಳಿಯ ರಾಟೆಯ ಮೂಲಕ ದೂರದಿಂದ ಎಳೆಯಬೇಕು. ಗೋಡೆಯ ಮೇಲೆ ಸುಣ್ಣದಿಂದ ಅಡ್ಡಗೆರೆಗಳನ್ನು ಹಾಕಿದ್ದರೆ ಎರಡು ತೋಳುಗಳ ಬಾಗನ್ನು ಹೋಲಿಸಿ ನೋಡುವುದು ಸುಲಭ.

ಎಲ್ಲಿ ತೋಳು ಬಾಗದೆ ನೆಟ್ಟಗೆ ನಿಂತಿರುವುದೋ ಅಲ್ಲಿ ಹೊಟ್ಟೆಯನ್ನು ಕೆರೆಯಬೇಕು. ಎಲ್ಲಿ ಹೆಚ್ಚು ಬಾಗಿರುವುದೋ ಅಲ್ಲಿಗೆ ಇದ್ದಲಿನಿಂದ ಗುರುತು ಹಾಕಿ, ಮಿಕ್ಕ ಭಾಗಗಳು ಅದಕ್ಕೆ ಸಮನಾಗುವವರೆಗೆ ಅದನ್ನು ಮುಟ್ಟಬಾರದು. ಪ್ರತಿಸಲ ಕೆರೆದ ಮೇಲೂ 20ರಿಂದ 30 ಸಲ ಮೆಲ್ಲಗೆ ಎಳೆದು ಬಿಟ್ಟ ನಂತರವೇ ಪುನಃ ನೋಡತಕ್ಕದ್ದು. ಮರವು ತನ್ನ ಹೊಸ ಬಾಗನ್ನು ಕೂಡಲೆ ತೋರಿಸುವುದಿಲ್ಲ. ಬಿಲ್ಲಿಗೆ ಉದ್ದೇಶಿಸಿದ ಬಿಗಿಗಿಂತ ಹೆಚ್ಚಿನ ಬಲದಿಂದ ಯಾವ ಹಂತದಲ್ಲಿಯೂ ಎಳೆಯಕೂಡದು. ಕಲಿಯುವವರಿಗೆ 13ರಿಂದ 16 ಕಿಲೋಗ್ರಾಂ ಬಿಗಿಯು ಸಾಕು. ಹಗ್ಗಕ್ಕೆ ತೂಕದ ಕೊಂಡಿಯನ್ನು ಸಿಕ್ಕಿಸಿ ಇದನ್ನು ಅಳೆಯಬಹುದು.

ತೋಳುಗಳೆರಡೂ ಸಮವಾಗಿ ಬಾಗುವುದು ಕಂಡ ಮೇಲೆ ಹೆದೆಯನ್ನು ಗಿಡ್ಡ ಮಾಡಿ ಏರಿಸಬೇಕು. ಹಿಡಿಗೂ ಹೆದೆಗೂ ಮೊದಲು 3 ಅಂಗುಲ, ಕ್ರಮೇಣ ಐದೂವರೆ ಅಂಗುಲ ಅಂತರವಿರಬೇಕು. ಬಳಿಕ ಎಳೆತವನ್ನು ಅಂಗುಲ ಅಂಗುಲವಾಗಿ ಹೆಚ್ಚಿಸುತ್ತ 26 ಅಂಗುಲಕ್ಕೆ ತಂದು ನಿಲ್ಲಿಸಬೇಕು. ಇಷ್ಟು ಉದ್ದದ ಬಿಲ್ಲನ್ನು ಅದಕ್ಕಿಂತ ಹೆಚ್ಚು ಎಳೆಯುವುದರಿಂದ ಲಾಭವಿಲ್ಲ, ಅಪಾಯವಿದೆ. ಕೊನೆಯ ಕೆರೆತವನ್ನು ಒಡೆದ ಗಾಜಿನ ಅಂಚಿನಿಂದ, ಕೈಗೆ ಬಟ್ಟೆಯನ್ನು ಸುತ್ತಿಕೊಂಡು ಮಾಡಬಹುದು. ತುದಿಗಳನ್ನು ಅರ್ಧ ಅಂಗುಲದ ಅಗಲಕ್ಕೆ ಇಳಿಸಿದರೆ ಬಾಣದ ವೇಗವು ಹೆಚ್ಚುವುದು. ಕಡೆಗೆ ಎಣ್ಣೆಯನ್ನಾಗಲಿ ಮೇಣವನ್ನಾಗಲಿ ತಿಕ್ಕಿ ಮಳೆಗಾಳಿಯ ತೇವದಿಂದ ರಕ್ಷಿಸಬೇಕು.

ಹೆದೆ

ಹಸಿರುಗೊಬ್ಬರಕ್ಕಾಗಿ ಬೆಳೆಯುವ ಸಣಬಿನಲ್ಲಿ ಕೆಲವು ಸಾಲುಗಳನ್ನು ನಾರಿಗಾಗಿ ಬಿಟ್ಟುಕೊಂಡರೆ ಒಳ್ಳೆಯ ಹೆದೆಯು ಮನೆಯಲ್ಲಿಯೇ ದೊರೆಯುವುದು. ಸಣಬಿನ ನಾರನ್ನು ಮೂರೆಳೆಯಾಗಿ ಬಿಗಿಯಾಗಿ ಹೊಸೆದು, ಜೇನುಮೇಣವನ್ನು ತಿಕ್ಕಿ, ಒಂದು ತುದಿಯಲ್ಲಿ ಕುಣಿಕೆಯನ್ನೂ ಇನ್ನೊಂದು ತುದಿಯಲ್ಲಿ ಬೇಕಾದಂತೆ ಬಿಗಿಮಾಡಬಹುದಾದ ಗಂಟನ್ನೂ ಹಾಕಬೇಕು. ಹೆದೆಯು ಬಿಲ್ಲಿನ ಬಿಗಿಯ ನಾಲ್ಕರಷ್ಟು ಭಾರವನ್ನಾದರೂ ತಾಳುವಂತಿರಬೇಕು. ಅಂಗಡಿಯ ನೈಲಾನ್ ಹಗ್ಗವು ಎಳೆದಂತೆಲ್ಲ ಹಿಗ್ಗುವುದರಿಂದ ಹೆದೆಗೆ ಅಷ್ಟು ಯೋಗ್ಯವಲ್ಲ.

ಎಚ್ಚರಿಕೆಗಳು

ಹೆದೆಗೆ ಬಾಣವನ್ನು ಹೂಡದೆ ಎಳೆದು ಬಿಡಕೂಡದು. ಬಾಣವು ಕೊಂಡೊಯ್ಯಬೇಕಾದ ಬಲವೆಲ್ಲವೂ ಆಗ ತೋಳುಗಳ ಮೇಲೆಯೇ ಬಿದ್ದು ಬಿಲ್ಲು ಒಡೆಯಬಹುದು. ಒಡೆದ ಚೂರು ಮುಖಕ್ಕೆ ಹಾರಿದರೆ ಕಣ್ಣು ಹೋಗುವುದು. ಪ್ರತಿ ದಿನವೂ ಹೆದೆಯೇರಿಸುವ ಮೊದಲು ಬೆನ್ನಿನ ಮೇಲೆ ಸಿಬರಿದೆಯೇ, ಹೊಟ್ಟೆಯ ಮೇಲೆ ಅಡ್ಡಲಾಗಿ ಕೂದಲೆಳೆಯಂತಹ ನೆರಿಗೆಯಿದೆಯೇ ಎಂದು ಬೆಳಕಿನಲ್ಲಿ ನೋಡಬೇಕು. ಸಿಬರೆದ್ದ ಬಿಲ್ಲನ್ನು ಪುನಃ ಎಳೆಯಬಾರದು. ಕೆಲಸವಾದ ಕೂಡಲೆ ಹೆದೆಯನ್ನು ಇಳಿಸಿ, ಎರಡು ಗೂಟಗಳ ಮೇಲೆ ಅಡ್ಡಲಾಗಿ ಇಡಬೇಕು, ಗೋಡೆಗೆ ಒರಗಿಸಿಡಬಾರದು.

ಬಾಣಪ್ರಯೋಗವು ಹುಲ್ಲಿನ ಸಿವುಡಿಗಳನ್ನು ಒಟ್ಟಿ ಮಾಡಿದ ಗುರಿಯ ಮೇಲೆ ಮಾತ್ರ, ಹಿಂದೆ ಮಣ್ಣಿನ ದಿಬ್ಬವಿರುವಲ್ಲಿ, ಹಿರಿಯರ ಎದುರಿನಲ್ಲಿ ನಡೆಯತಕ್ಕದ್ದು. ವನ್ಯಮೃಗಗಳನ್ನೂ ಪಕ್ಷಿಗಳನ್ನೂ ಬೇಟೆಯಾಡುವುದು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಂತೆ ದಂಡನಾರ್ಹವಾಗಿದೆ. ಜೋಳದ ತೆನೆಗೆ ಬೀಳುವ ಗಿಳಿಗಳನ್ನು ಓಡಿಸುವುದಕ್ಕೆ ಕೂಗು ಮತ್ತು ತಮಟೆ ಸಾಕು, ಬಾಣವು ಬೇಕಿಲ್ಲ. ಬಿಲ್ವಿದ್ಯೆಯನ್ನು ಕ್ರೀಡೆಯಾಗಿ ಅಭ್ಯಾಸ ಮಾಡುವ ತರುಣರಿಗೆ ನಮ್ಮ ದೇಶದ ಪಂದ್ಯಗಳಲ್ಲಿ ಇಂಡಿಯನ್ ರೌಂಡ್ ಎಂಬ ವಿಭಾಗವಿದ್ದು, ಅದರಲ್ಲಿ ಇಂದಿಗೂ ಮರ ಮತ್ತು ಬಿದಿರಿನ ಬಿಲ್ಲುಗಳೇ ಬಳಕೆಯಲ್ಲಿವೆ.

ಇತರ ಉಪಕರಣಗಳಿಗೆ ಇದರ ಪ್ರಯೋಜನ

ಮೇಲೆ ಹೇಳಿದ ಕ್ರಮದಲ್ಲಿ ಬಿಲ್ಲಿಗೆ ಮಾತ್ರ ಸಲ್ಲುವುದು ಕೊನೆಯ ಭಾಗ. ಮಿಕ್ಕುದೆಲ್ಲವೂ ಜಮೀನಿನ ಪ್ರತಿಯೊಂದು ಮರದ ಉಪಕರಣಕ್ಕೂ ಅನ್ವಯಿಸುವುದು. ಕಾವಡಿಯ ಬಡಿಗೆಯು ಹೆದೆಯಿಲ್ಲದ ಬಿಲ್ಲೇ ಆಗಿದೆ. ಹೊರೆಯ ಭಾರಕ್ಕೆ ಬಾಗಿ, ಹೆಜ್ಜೆಹೆಜ್ಜೆಗೂ ಮರಳಿ, ಹೊರುವವನ ಹೆಗಲಿಗೆ ಸುಖವನ್ನು ಕೊಡುವುದು. ಗುದ್ದಲಿಯ ಕಾವನ್ನು ಹಸಿಯಾಗಿಯೇ ಕಣ್ಣಿಗೆ ಹೊಡೆದರೆ, ಒಣಗಿ ಕುಗ್ಗಿದಾಗ ಅದು ಸಡಿಲವಾಗದೆ ಇರಲಾರದು. ಪುಷ್ಯ ಮಾಘಗಳಲ್ಲಿ ಹತ್ತು ಕಾವುಗಳನ್ನು ಒರಟಾಗಿ ಕೆತ್ತಿ, ತುದಿಗಳಿಗೆ ಮೇಣವನ್ನು ಬಳಿದು ಅಟ್ಟದಲ್ಲಿಟ್ಟರೆ, ಮುಂಗಾರಿನ ಹೊತ್ತಿಗೆ ಅವು ಸಿದ್ಧವಾಗಿರುವುವು. ಉಳುಮೆಯ ನಡುವೆ ಕಾವು ಮುರಿದು ಅರ್ಧ ದಿನದ ಕೂಲಿಯು ವ್ಯರ್ಥವಾಗುವುದು ತಪ್ಪುವುದು.

ಸಾರಾಂಶ

1. ಬೀಜದ ಸಸಿಯನ್ನು ಬಿಟ್ಟು, ಬುಡದಲ್ಲಿ ಒತ್ತೊತ್ತಾಗಿ ಎದ್ದ ಚಿಗುರುಗಳಲ್ಲಿ ನೆಟ್ಟಗಿರುವುದನ್ನು ಆರಿಸಬೇಕು.

2. ಮಳೆ ನಿಂತ ಮೇಲೆ, ಬಿಸಿಲೇರುವ ಮೊದಲು ಕಡಿದು, ತುದಿಗಳಿಗೆ ಕೂಡಲೆ ಮೇಣವನ್ನು ಬಳಿಯಬೇಕು.

3. ಹಸಿಯಲ್ಲಿ ಕೆತ್ತಬೇಕು, ಹಸಿಯಲ್ಲಿ ಬಾಗಿಸಕೂಡದು.

4. ಬೆನ್ನಿನ ನಾರನ್ನು ಎಂದಿಗೂ ಕಡಿಯಕೂಡದು.

5. ಒಣಗಿತೇ ಎಂಬುದನ್ನು ಕೈಯಿಂದಲ್ಲ, ತಕ್ಕಡಿಯಿಂದ ತಿಳಿಯಬೇಕು.

6. ಹೆಚ್ಚು ಬಾಗಿದ ಕಡೆಯನ್ನು ಮುಟ್ಟದೆ, ಬಾಗದ ಕಡೆಯನ್ನು ಕೆರೆದು ಸಮಗೊಳಿಸಬೇಕು.

ಗ್ರಾಮದ ಮುಖಂಡರು ತಮ್ಮ ಊರಿನ ತರುಣರಿಗೆ ಈ ಆರು ಮಾತುಗಳನ್ನು ತಿಳಿಸಿ, ಬರುವ ಮಾಘಮಾಸದಲ್ಲಿ ಒಂದೊಂದು ಮನೆಯವರೂ ಒಂದೊಂದು ಚಿಗುರಿನಿಂದ ಬಿಲ್ಲನ್ನೋ ಗುದ್ದಲಿಯ ಕಾವನ್ನೋ ಮಾಡಿ ನೋಡುವಂತೆ ಪ್ರೇರಿಸಿದರೆ, ಊರಿನ ಬದುಗಳಲ್ಲಿ ವ್ಯರ್ಥವಾಗಿ ಬೀಳುವ ಎಳೆಮರಗಳು ಎಷ್ಟೋ ಉಳಿಯುವುವು. ಕಡಿದ ಬುಡವು ಮುಂದಿನ ಮಳೆಗೆ ಮತ್ತೆ ಚಿಗುರಿರುವುದು. ಅದರಿಂದ ತೆಗೆದ ಬಿಲ್ಲು ಆಗಲೂ ಗೂಟದ ಮೇಲೆ ನೆಟ್ಟಗಿದ್ದರೆ ಕೆಲಸವು ಸರಿಯಾಗಿ ನಡೆಯಿತೆಂದು ತಿಳಿಯಬಹುದು.